ಮಾಲ್ಟಾದ ಕೋಟೆ, ಮೈಸೂರಿನ ಮುತ್ತಿಗೆ

ಮೊದಲೇ ಹೇಳಿಬಿಡುತ್ತೇನೆ: ಈ ವರ್ಷದ ರಜೆಯಲ್ಲಿ ನಾನು ಮೈಸೂರಿಗೆ ಹೋಗಲಿಲ್ಲ. ಹುಷಾರಿರಲಿಲ್ಲವೇ ಎಂದು ಕೇಳಬೇಡಿ, ಗುಂಡುಕಲ್ಲಿನ ಹಾಗಿದ್ದೆ. ಟಿಕೆಟ್ ಧಾರಾಳವಾಗಿ ಸಿಗುತ್ತಿತ್ತು. ಹೋಗಬಾರದೆಂದೇ ಹೋಗಲಿಲ್ಲ. ಅದರ ಬದಲು ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ಮಾಲ್ಟಾ ಎಂಬ ಪುಟ್ಟ ದ್ವೀಪಕ್ಕೆ ಒಬ್ಬಳೇ ಹೋಗಿ, ಅಲ್ಲಿನ ಕೋಟೆಗಳನ್ನೆಲ್ಲ ಹತ್ತಿ ಇಳಿದು ಬಂದೆ. ಇದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ ಎಂದು ನಿಮಗೆ ಅನ್ನಿಸಿದರೆ, ನೀವು ಪರದೇಶದಲ್ಲಿ ಕೆಲಸ ಮಾಡಿ ವರ್ಷಕ್ಕೊಂದು ಸಲ ರಜೆ ತೆಗೆದುಕೊಂಡವರಲ್ಲ.

ನಾವಿರುವುದು ನೈರೋಬಿಯ ಲ್ಯಾವಿಂಗ್ಟನ್ನಿನಲ್ಲಿ. ನಮ್ಮನೆಯವರು ಬ್ಯಾಂಕಿನಲ್ಲಿದ್ದಾರೆ, ನಾನು ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಇಲ್ಲಿನ ಕನ್ನಡಿಗರಲ್ಲಿ ರಜೆ ಎಂಬ ಪದಕ್ಕೆ ಊರು ಎಂಬ ಒಂದೇ ಅರ್ಥ. ಸೂಟ್‌ಕೇಸಿನಲ್ಲಿ ಕೀನ್ಯಾ ಟೀ ಮತ್ತು ಮಕಡಾಮಿಯಾ ಬೀಜದ ಪೊಟ್ಟಣಗಳನ್ನು ತುಂಬಿಕೊಂಡು ಹೋಗುವುದು, ಅದೇ ಸೂಟ್‌ಕೇಸಿನಲ್ಲಿ ಯಾವ ಸೀರೆಗೂ ಹೊಂದದ ರವಿಕೆ ಕಣಗಳನ್ನು ತುಂಬಿಕೊಂಡು ಬರುವುದು. ನಡುವೆ ನಡೆಯುವುದು ಮನೆಮನೆ ಸುತ್ತಾಟ. ಬೆಳಿಗ್ಗೆ ಸರಸ್ವತೀಪುರಂ, ಮಧ್ಯಾಹ್ನ ಜಯಲಕ್ಷ್ಮೀಪುರಂ, ಸಂಜೆ ವಿಜಯನಗರದ ಯಾವುದೋ ಹಂತ. ಪ್ರತಿ ಮನೆಯಲ್ಲೂ ಉಪ್ಪಿಟ್ಟು, ಕೇಸರಿಬಾತು, ಕಾಫಿ. ಪ್ರತಿ ಮನೆಯಲ್ಲೂ ಅಲ್ಲಿ ಸಿಂಹ ರಸ್ತೆಗೆ ಬರುತ್ತದಂತೆ ಹೌದೇ ಎಂಬ ಪ್ರಶ್ನೆ. ಊರಂಚಿನ ಲಂಗಾಟಾ ಬಡಾವಣೆಯ ಕಡೆ ಕಾಡಿನ ಪಕ್ಕ ಯಾವಾಗಲೋ ಬಂದದ್ದುಂಟು, ನಾವಿರುವ ಕಡೆ ಬರುವುದಿಲ್ಲ ಎಂದು ನಾನು ಉತ್ತರ ಕೊಡುತ್ತೇನೆ. ಕೇಳಿದವರ ಮುಖ ಸಪ್ಪಗಾಗುತ್ತದೆ. ಅವರನ್ನು ಖುಷಿಪಡಿಸಲು ಕಡೆಕಡೆಗೆ ನಮ್ಮ ಗೇಟಿನವರೆಗೂ ಸಿಂಹವನ್ನು ಕರೆತರಲು ಶುರು ಮಾಡಿದ್ದೆ.

ಈ ದಂಡಯಾತ್ರೆಯ ಸೇನಾಧಿಪತಿ ನನ್ನ ಅಕ್ಕ. ಅಮ್ಮ ಹೋದಮೇಲೆ ಮೈಸೂರಿನಲ್ಲಿ ನನಗಿರುವ ತವರು ಎಂದರೆ ಅವಳೇ. ನಾನು ಬರುವ ಮೊದಲೇ ಯಾರ ಮನೆಗೆ ಯಾವತ್ತು ಎಂದು ನಿಗದಿ ಮಾಡಿಟ್ಟಿರುತ್ತಾಳೆ. ಒಂದು ಮನೆ ಬಿಟ್ಟರೆ ಆ ಮನೆಯವರು ಇನ್ನೊಬ್ಬರ ಮದುವೆಯಲ್ಲಿ ಅದನ್ನು ಎತ್ತಿ ಆಡುತ್ತಾರೆ; ಆಡಿಸಿಕೊಳ್ಳುವವಳು ಅಕ್ಕ, ನಾನು ಆ ಹೊತ್ತಿಗೆ ನೈರೋಬಿಯಲ್ಲಿ ಸುರಕ್ಷಿತವಾಗಿರುತ್ತೇನೆ. ಆದ್ದರಿಂದ ಅವಳು ಆಟೋದಲ್ಲಿ ನನ್ನ ಪಕ್ಕ ಕೂತು ಎಲ್ಲ ಮನೆಗೂ ಬರುತ್ತಾಳೆ. ಇಷ್ಟು ವರ್ಷ ನಾನೂ ಬಾಯಿಮುಚ್ಚಿಕೊಂಡು ಹೋಗಿ ಉಪ್ಪಿಟ್ಟು ತಿಂದೆ. ಈ ವರ್ಷ ಸಾಕು ಅನ್ನಿಸಿತು. ಸಾಕು ಅನ್ನಿಸುವುದಕ್ಕೆ ಕಾರಣ ಕೊಡಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಂತಿಲ್ಲ.

ಕೋಟೆಯೇ ಯಾಕೆ ಎಂದು ಕೇಳಿದರೆ ಅದಕ್ಕೆ ಕಾರಣವುಂಟು. ಮೈಸೂರಿನಲ್ಲಿ ಹುಟ್ಟಿದವರು ಶ್ರೀರಂಗಪಟ್ಟಣದ ಕೋಟೆಯನ್ನು ನೋಡುವುದಿಲ್ಲ, ತೋರಿಸುತ್ತಾರೆ. ಮನೆಗೆ ಬಂದ ನೆಂಟರನ್ನೆಲ್ಲ ಅಪ್ಪ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ನನ್ನ ಕೆಲಸ ನೀರಿನ ಬಾಟಲಿ ಹಿಡಿದುಕೊಂಡು ನಿಲ್ಲುವುದು. ನಾನು ಬುರುಜು ಹತ್ತಲು ಹೊರಟರೆ ‘ಬಾರೇ, ಬಸ್ಸಿಗೆ ಹೊತ್ತಾಯ್ತು’ ಎಂದು ಕೂಗು ಬರುತ್ತಿತ್ತು. ನೈರೋಬಿಗೆ ಬಂದಮೇಲೂ ಅಷ್ಟೇ. ಸಮುದ್ರ ತೀರದ ಮೊಂಬಾಸಾದಲ್ಲಿ ಒಂದು ಒಳ್ಳೆಯ ಹಳೆಯ ಕೋಟೆಯಿದೆ. ಊರಿಂದ ಬಂದ ಅತಿಥಿಗಳ ಜೊತೆ ಹೋಗಿದ್ದೇನೆ; ಅಲ್ಲೂ ನೀರಿನ ಬಾಟಲಿ ನನ್ನ ಕೈಯಲ್ಲೇ. ಒಂದೇ ಒಂದು ಕೋಟೆಯನ್ನಾದರೂ ಯಾರೂ ಕೂಗದೆ, ಯಾರಿಗೂ ಬಾಯಾರಿಕೆಯಾಗದೆ ನೋಡಬೇಕೆಂಬ ಹಟ ಒಳಗೇ ಬಲಿತಿರಬೇಕು.

ನಮ್ಮನೆಯವರಿಗೆ ಹೇಳಿದೆ. ಅವರಿಗೆ ಕಲ್ಲು ಕಂಡರಾಗದು, ಮೊಣಕಾಲು ನೋವು ಬೇರೆ. ನೀನು ಹೋಗಿ ಬಾ, ಅಕ್ಕನಿಗೆ ಮಾತ್ರ ನೀನೇ ಹೇಳು ಎಂದು ಪೇಪರ್ ಎತ್ತಿಕೊಂಡರು. ಲಂಗಾಟಾದ ಗೆಳತಿ ವೀಣಾಗೆ ಹೇಳಿದೆ. ಯಾರ ಜೊತೆ ಎಂದಳು. ಯಾರ ಜೊತೆಗೂ ಇಲ್ಲ ಎಂದೆ. ಆಫೀಸ್ ಕೆಲಸವೇ ಎಂದಳು. ಅಲ್ಲ ಎಂದೆ. ಮನೆಯಲ್ಲಿ ಎಲ್ಲ ಸರಿಯಾಗಿದೆ ತಾನೇ ಎಂದು ಮೆಲ್ಲಗೆ ಕೇಳಿದಳು. ನಮ್ಮ ಹೆಂಗಸರು ಒಬ್ಬರೇ ವಿಮಾನ ಹತ್ತುವುದು ಮಗಳ ಬಾಣಂತನಕ್ಕೆ. ಮಗಳಿನ್ನೂ ಕಾಲೇಜಿನಲ್ಲಿರುವಾಗ ಹತ್ತಿದರೆ ಜನ ಗಾಬರಿಯಾಗುವುದು ಸಹಜವೇ.

ಅಕ್ಕನಿಗೆ ಫೋನ್ ಮಾಡಿ ನೇರವಾಗಿ ಹೇಳಿದೆ. ಅವಳು ರೇಗಲಿಲ್ಲ.

‘ಹೋಗು, ಯಾರು ಬೇಡ ಅಂದ್ರು? ಇಲ್ಲಿ ಕೇಳೋರಿಗೆ ನಾನೇನು ಹೇಳ್ಲಿ, ಅಷ್ಟು ಹೇಳಿಬಿಡು.’

‘ಕೋಟೆ ನೋಡೋಕೆ ಹೋಗಿದ್ದಾಳೆ ಅಂತ ಹೇಳು.’

‘ಹೂಂ’ ಎಂದು ಫೋನ್ ಇಟ್ಟಳು. ಅದು ಒಪ್ಪಿಗೆಯ ಹೂಂ ಅಲ್ಲವೆಂದು ತಿಳಿಯಲು ತಂಗಿಯೇ ಆಗಬೇಕಿಲ್ಲ.

ಇಸ್ತಾಂಬುಲ್‌ನಲ್ಲಿ ವಿಮಾನ ಬದಲಿಸಿ ಮಾಲ್ಟಾದಲ್ಲಿಳಿದೆ. ಹಿಂದೆ ಆ ದ್ವೀಪಕ್ಕೆ ಮುತ್ತಿಗೆ ಹಾಕಿದ ದೊಡ್ಡ ಸೈನ್ಯವೂ ಅದೇ ಇಸ್ತಾಂಬುಲ್ ಕಡೆಯಿಂದಲೇ ಬಂದಿತ್ತಂತೆ. ಅವರು ತೋಪುಗಳನ್ನು ತಂದಿದ್ದರು, ನಾನು ಚಟ್ನಿಪುಡಿ ಮತ್ತು ಒಗ್ಗರಣೆ ಅವಲಕ್ಕಿ. ಒಳಗೆ ಹೋಗಲು ಅವರಿಗೆ ಆಗಲಿಲ್ಲ, ನನಗೆ ಆಯಿತು. ಅಲ್ಲಿನ ಕಲ್ಲಿಗೆ ಮೈಸೂರು ಪಾಕಿನ ಬಣ್ಣ. ಸಂಜೆಯ ಬಿಸಿಲು ಬಿದ್ದರಂತೂ ಇಡೀ ಊರನ್ನೇ ತುಪ್ಪದಲ್ಲಿ ಕಾಯಿಸಿದಂತೆ ಕಾಣುತ್ತದೆ. ರಾಜಧಾನಿ ವಲೆಟ್ಟಾದ ಸುತ್ತ ಕಡಿದ ಕಂದಕದ ಆಳ ನೋಡಿದರೆ ತಲೆ ಸುತ್ತುತ್ತದೆ. ಕೊತ್ತಲಗಳು ಮೂಲೆಮೂಲೆಯಾಗಿ ಚಾಚಿಕೊಂಡಿವೆ. ಗೋಡೆಯ ಬುಡದಲ್ಲಿ ಶತ್ರು ಎಲ್ಲಿ ಅಡಗಿದರೂ ಮೇಲಿನ ಯಾವುದಾದರೂ ಒಂದು ಮೂಲೆಯಿಂದ ಕಾಣಲೇಬೇಕು, ಹಾಗೆ ಲೆಕ್ಕ ಹಾಕಿ ಕಟ್ಟಿದ್ದಾರೆ. ನಾನು ಎಲ್ಲವನ್ನೂ ನನ್ನಿಷ್ಟದ ವೇಗದಲ್ಲಿ ನೋಡಿದೆ. ಒಂದು ದಿಡ್ಡಿ ಬಾಗಿಲಿನ ಮುಂದೆ ಸುಮ್ಮನೆ ಕೂತು, ಬಟಾಣಿ ತುಂಬಿದ ಅಲ್ಲಿನ ಬಿಸಿ ಪಫ್ ತಿಂದೆ. ಇನ್ನೊಂದು ತರಿಸಿಕೊಂಡು ತಿಂದೆ. ಯಾರಿಗೂ ಬಸ್ಸಿಗೆ ಹೊತ್ತಾಗಿರಲಿಲ್ಲ.

ಬಂದರಿನ ಆಚೆ ದಡದಲ್ಲಿ, ಕೋಟೆಗೋಡೆಯ ತುದಿಗೆ ಕಲ್ಲಿನ ಒಂದು ಪಹರೆಗೂಡು ಇದೆ. ಅದರ ಮೇಲೆ ಒಂದು ದೊಡ್ಡ ಕಣ್ಣು, ಒಂದು ದೊಡ್ಡ ಕಿವಿ ಕೆತ್ತಿದ್ದಾರೆ. ಎಚ್ಚರದಿಂದ ನೋಡುತ್ತಿದ್ದೇವೆ, ಕೇಳಿಸಿಕೊಳ್ಳುತ್ತಿದ್ದೇವೆ ಎಂದು ಶತ್ರುವಿಗೆ ತಿಳಿಸಲು. ಬಹಳ ಹೊತ್ತು ಅದನ್ನೇ ನೋಡುತ್ತ ನಿಂತೆ. ಕಣ್ಣು ಕಿವಿ ಕೆತ್ತಿದವನು ಬಾಯಿ ಯಾಕೆ ಕೆತ್ತಲಿಲ್ಲ? ನಮ್ಮ ಕಡೆಯ ಪಹರೆಯನ್ನು ನೋಡಿದ್ದರೆ ಮೊದಲು ಬಾಯಿಯನ್ನೇ ಕೆತ್ತುತ್ತಿದ್ದ. ಕರಾವಳಿಯ ಉದ್ದಕ್ಕೂ ಇರುವ ಕಾವಲು ಗೋಪುರಗಳದ್ದು ಇನ್ನೂ ಸ್ವಾರಸ್ಯ. ಒಂದರಿಂದ ನೋಡಿದರೆ ಮುಂದಿನದು ಕಾಣಬೇಕು. ಹಡಗು ಕಂಡರೆ ಹಗಲು ಹೊಗೆ, ರಾತ್ರಿ ಬೆಂಕಿ. ಒಂದು ಗೋಪುರದವರು ಹಚ್ಚಿದ್ದನ್ನು ನೋಡಿ ಮುಂದಿನವರು ಹಚ್ಚುತ್ತಾರೆ, ಸುದ್ದಿ ಕ್ಷಣದಲ್ಲಿ ರಾಜಧಾನಿಗೆ. ಅಂಥದ್ದೊಂದು ಗೋಪುರದ ತುದಿಯಲ್ಲಿ ನಿಂತಿರುವಾಗಲೇ ನನಗೆ ಮೈಸೂರಿನಿಂದ ಫೋನ್ ಬಂತು. ವೀಣಾ ವಿಜಯನಗರದ ತನ್ನ ಅತ್ತಿಗೆಗೆ ಹೇಳಿ, ಅತ್ತಿಗೆ ನಮ್ಮ ಸೋದರತ್ತೆಗೆ ಹೇಳಿ, ಸೋದರತ್ತೆ ನೇರವಾಗಿ ನನಗೇ ಬೆಂಕಿ ಹಚ್ಚಿದ್ದರು. ಗಂಡ ಮನೆಯಲ್ಲೇ ಇದ್ದಾನಾ, ಊಟಕ್ಕೆ ಏನು ಮಾಡಿಕೊಳ್ಳುತ್ತಾನೆ, ನಿನಗೆ ಊರು ಬೇಡವಾಯಿತೇ. ನಾನು ಪ್ರತಿಯೊಂದಕ್ಕೂ ಸಮಾಧಾನವಾಗಿಯೇ ಉತ್ತರ ಕೊಟ್ಟೆ. ಊರು ಬೇಕು, ಈ ವರ್ಷ ಬರುವುದಿಲ್ಲ, ಅಷ್ಟೇ. ಕ್ಷಮಿಸಿ ಎಂಬ ಪದ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಅಕ್ಕ ಮಾತ್ರ ಫೋನ್ ಮಾಡಲಿಲ್ಲ. ಭಾನುವಾರ ತಪ್ಪದೆ ಮಾಡುವವಳು ನಾನು ಮಾಲ್ಟಾದಲ್ಲಿದ್ದಾಗಲೂ ಮಾಡಲಿಲ್ಲ, ನೈರೋಬಿಗೆ ಮರಳಿದಮೇಲೂ ಮಾಡಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಕಳಿಸಿದ ಕೋಟೆಯ ಫೋಟೊಗಳನ್ನು ನೋಡಿದಳೆಂದು ನೀಲಿ ಗುರುತು ಬಂತು, ಒಂದಕ್ಷರ ಉತ್ತರ ಬರಲಿಲ್ಲ. ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಸಾರಿ ಎಂದು ಒಂದು ಮಾತು ಹೇಳಿಬಿಡು, ನಿನ್ನ ಗಂಟೇನು ಹೋಗುತ್ತದೆ ಎಂದರು ನಮ್ಮನೆಯವರು. ಹೋಗುವುದು ಮುಂದಿನ ವರ್ಷದ ರಜೆ ಎಂದೆ. ಈ ಸಲ ಸಾರಿ ಎಂದರೆ, ನನ್ನ ರಜೆಯ ಮೇಲೆ ನನಗೆ ಹಕ್ಕಿಲ್ಲವೆಂದು ನಾನೇ ರುಜು ಹಾಕಿಕೊಟ್ಟಂತೆ. ಒಡಹುಟ್ಟಿದವಳು ಬೇಕು, ಆದರೆ ಸಾರಿ ಕೇಳಲಾರೆ. ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ತಿರುಗಿದೆ. ಭಾನುವಾರ ಬಂತೆಂದರೆ ಫೋನನ್ನು ಅಡುಗೆಮನೆಗೂ ಒಯ್ಯುತ್ತಿದ್ದೆ. ವೀಣಾ ಮನೆಯ ಊಟಕ್ಕೆ ಹೋದಾಗ ಅಕ್ಕ ಹೇಗಿದ್ದಾರೆ ಎಂದು ಯಾರೋ ಕೇಳಿದರೆ, ಚೆನ್ನಾಗಿದ್ದಾಳೆ ಎಂದು ಸಲೀಸಾಗಿ ಹೇಳಿ, ತಟ್ಟೆಯ ಕಡೆ ನೋಡಿದೆ.

ಕೊನೆಗೊಂದು ಬುಧವಾರ, ಆಫೀಸಿನಿಂದ ಮನೆಗೆ ಬರುವ ದಾರಿಯಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆ. ಪಕ್ಕದಲ್ಲಿ ಒಂದು ಮಟಾಟು, ಅಂದರೆ ಇಲ್ಲಿನ ಬಾಡಿಗೆ ವ್ಯಾನು, ಕಿವಿ ಕಿತ್ತುಹೋಗುವಂತೆ ಹಾಡು ಹಾಕಿಕೊಂಡು ನಿಂತಿತ್ತು. ಅಕ್ಕನ ಫೋನ್ ಬಂತು. ಕಿಟಕಿ ಏರಿಸಿದೆ. ವಾದಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟುಕೊಂಡಿದ್ದೆ. ಒಂದನ್ನೂ ತೆಗೆಯಲು ಅವಳು ಬಿಡಲಿಲ್ಲ.

‘ನೀನು ಬರ್ಲಿಲ್ಲ ಅಂತ ನಾನೂ ಯಾರ ಮನೆಗೂ ಹೋಗ್ಲಿಲ್ಲ ಕಣೆ. ಸುಮ್ನೆ ಮನೇಲಿ ಕೂತಿದ್ದೆ. ವರ್ಷಾವರ್ಷ ನಿನ್ನನ್ನ ಸುತ್ತಿಸಿ ವಿಮಾನ ಹತ್ಸೋ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಗ್ತಿತ್ತು.’

‘ಮತ್ತೆ ಫೋನ್ ಯಾಕೆ ಎತ್ಲಿಲ್ಲ?’

‘ಸಿಟ್ಟು ಬಂದಿತ್ತು. ನಿನಗೆ ಹೊಳೆದಿದ್ದು ನನಗೆ ಹೊಳೀಲಿಲ್ವಲ್ಲ ಅಂತ.’ ಮತ್ತೆ ಅವಳೇ, ‘ಇಷ್ಟು ವರ್ಷ ಬಂದು ಹೋಗಿದ್ದೀಯಲ್ಲ, ನಾವಿಬ್ಬರೂ ಒಂದಿನ ಕೂತು ಮಾತಾಡಿದ್ದು ನೆನಪಿದೆಯಾ ನಿನಗೆ?’ ಎಂದಳು.

ನೆನಪಿಸಿಕೊಳ್ಳಲು ನೋಡಿದೆ. ಆಟೋಗಳು ನೆನಪಾದವು, ಯಾರದೋ ಸೋಫಾಗಳು ನೆನಪಾದವು. ನಾವಿಬ್ಬರೇ ಇದ್ದ ಒಂದು ಮಧ್ಯಾಹ್ನ ನೆನಪಾಗಲಿಲ್ಲ. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಹೊಡೆಯಲಿ ಎಂದು ಬಿಟ್ಟೆ.

‘ಮುಂದಿನ ವರ್ಷ ಬಾ. ಯಾರಿಗೂ ಹೇಳ್ಬೇಡ. ನಾನೂ ಹೇಳಲ್ಲ. ಬಾಗಿಲು ಹಾಕ್ಕೊಂಡು ಮನೇಲೇ ಇರೋಣ.’

‘ಯಾರಾದ್ರೂ ಬಂದು ಬೆಲ್ ಮಾಡಿದ್ರೆ?’

‘ಮಾಡ್ಲಿ’ ಎಂದಳು ಅಕ್ಕ.