ಗೇರುಬೀಜ ಒಡೆಯುತ್ತಿದ್ದ ಮಾವ್ಶಿ

ಮಾವ್ಶಿಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಗೇರುಬೀಜದ ಸೊನೆ ಸುಟ್ಟು ಸುಟ್ಟು ಅಂಗೈ ಕಾವಲಿಯ ತಳದಂತೆ ಕಪ್ಪಾಗಿತ್ತು. ಮಾವ್ಶಿ ಎಂದು ಕರೆಯುತ್ತಿದ್ದೆನೇ ಹೊರತು ಸಂಬಂಧದಲ್ಲಿ ಚಿಕ್ಕಮ್ಮನಲ್ಲ, ಕದ್ರಿಯಲ್ಲಿ ನಮ್ಮ ಪಕ್ಕದ ಮನೆಯವರು. ತಾಯಿ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ನಾನು ಉಂಡದ್ದು ಆ ಕೈಯ ಗಂಜಿಯನ್ನು. ದೇವರು ಅಷ್ಟಾದರೂ ನಡೆಸಿಕೊಟ್ಟ.

ಅವರು ಕಾವೂರಿನ ಕಡೆಯ ಕಾರ್ಖಾನೆಯಲ್ಲಿ ಬೀಜ ಒಡೆಯುವವರು. ನಮ್ಮ ಮನೆಯಲ್ಲೇ ಇದ್ದ ನನ್ನ ದೊಡ್ಡಮ್ಮ ಅಲ್ಲಿಯೇ ಸಿಪ್ಪೆ ಸುಲಿಯುವವರು. ಇವರು ಒಡೆದದ್ದನ್ನೇ ಅವರು ಸುಲಿಯುವುದು, ಧಣಿಯೂ ಒಬ್ಬನೇ. ಆದರೂ ಸುಲಿಯುವವರ ನೀರಿನ ಕೊಡವನ್ನು ಒಡೆಯುವವರು ಮುಟ್ಟುವಂತಿರಲಿಲ್ಲ. ಇಗರ್ಜಿಯ ಬಾಗಿಲಲ್ಲಿ ಮಾವ್ಶಿ ತೀರ್ಥದ ಬಟ್ಟಲಿಗೆ ಬೆರಳು ಅದ್ದಿದರೆ ಹಿಂದೆ ಬಂದವರು ಆಚೆ ಬಾಗಿಲಿಗೆ ಹೋಗುತ್ತಿದ್ದರು. "ಶಿಲುಬೆಯಲ್ಲಿ ಯೇಸುವಿನ ಕೈ ಸಹ ಚಂದ ಇರಲಿಲ್ಲ" ಎನ್ನುತ್ತಿದ್ದರು ಮಾವ್ಶಿ.

ಒಮ್ಮೆ ಧಣಿ, ಒಡೆಯುವವರ ಕೈಗೆ ಹಚ್ಚಲು ಕೊಡುತ್ತಿದ್ದ ಎಣ್ಣೆ ನಿಲ್ಲಿಸಿದ. ಒಡೆಯುವವರೆಲ್ಲ ಕೆಲಸ ಬಿಟ್ಟು ಗೇಟಿನ ಹೊರಗೆ ಕೂತರು. ಮಾವ್ಶಿ ನಮ್ಮ ಜಗಲಿಗೆ ಬಂದು ದೊಡ್ಡಮ್ಮನನ್ನು ಕೇಳಿದರು, "ಒಂದು ದಿನ ನೀವೂ ಹೊರಗೆ ಬನ್ನಿ ಬಾಯಮ್ಮ. ಅಷ್ಟು ಸಾಕು."

ದೊಡ್ಡಮ್ಮ ತಲೆ ಬಾಚುವುದನ್ನು ನಿಲ್ಲಿಸಲಿಲ್ಲ. "ಸುಡುವುದು ನಿಮ್ಮ ಕೈ. ನಮಗೆಂತ ಉಂಟು ಮಾರಾಯ್ತಿ?"

ಒಡೆದಿಟ್ಟ ಬೀಜ ಬೇಕಾದಷ್ಟಿತ್ತು, ಸುಲಿಯುವವರು ಸುಲಿಯುತ್ತಲೇ ಇದ್ದರು. ಧಣಿಗೆ ಅವಸರವಿರಲಿಲ್ಲ. ವಾರ ಕಳೆಯುವ ಮೊದಲೇ ಒಡೆಯುವವರು ಎಣ್ಣೆಯಿಲ್ಲದೆ ಒಳಗೆ ಹೋದರು.

ಮರುವರ್ಷ ನನ್ನ ಮದುವೆ. ನಮ್ಮಲ್ಲಿ ಹಿಂದಿನ ದಿನ ರೋಸ್, ಎಂದರೆ ಮದುಮಗಳ ಮೈಗೆ ತೆಂಗಿನ ಹಾಲು ಹಚ್ಚುವುದು. ಮೊದಲು ತಾಯಿ ಹಚ್ಚಬೇಕು. ನಾನು ಮಾವ್ಶಿಯನ್ನು ಕರೆದೆ. ಬೂದಿ, ಹುಳಿ ಹಾಕಿ ಕೈ ಉಜ್ಜಿಕೊಂಡು ಬಂದಿದ್ದರು. ಕಪ್ಪು ಹೋಗಿರಲಿಲ್ಲ.

"ಆ ಕೈ ಹಾಕಬೇಡ," ದೊಡ್ಡಮ್ಮ ಅಡ್ಡ ಬಂದರು. "ಚಮಚದಲ್ಲಿ ಬಿಡು."

ಸುತ್ತ ನಿಂತ ಕಾರ್ಖಾನೆಯ ಹೆಂಗಸರಲ್ಲಿ ಒಬ್ಬಳು ನಕ್ಕಳು. "ಹುಡುಗಿಯನ್ನೂ ಒಡೆದಾಳು, ಜಾಗ್ರತೆ."

"ನಾನು ಒಡೆಯದಿದ್ದರೆ ನೀವು ಸುಲಿಯುವುದು ಎಂತದ್ದನ್ನು, ನಿಮ್ಮ ಮಂಡೆಯನ್ನಾ?" ಎಂದ ಮಾವ್ಶಿ ಪಾತ್ರೆಯನ್ನೇ ಎತ್ತಿ ಹಾಲನ್ನೆಲ್ಲ ನನ್ನ ತಲೆಯ ಮೇಲೆ ಸುರಿದರು. "ಈಗ ಹಚ್ಚಿ. ಬಿಳಿ ಕೈ ಉಂಟಲ್ಲ."

ಪಾತ್ರೆಯಲ್ಲಿ ಹನಿ ಉಳಿದಿರಲಿಲ್ಲ. ಕಣ್ಣಿಗೆ ಹಾಲಿಳಿದು ನನಗೆ ಯಾರ ಮುಖವೂ ಕಾಣಲಿಲ್ಲ. ಎರಡು ಒರಟು ಅಂಗೈಗಳು ಕೆನ್ನೆ ಒರೆಸಿದ್ದು ಮಾತ್ರ ತಿಳಿಯಿತು. ಮಾವ್ಶಿ ಊಟಕ್ಕೆ ನಿಲ್ಲದೆ ಹೋದರು.

ಕೆಲವು ವರ್ಷಗಳ ನಂತರ ಎದೆಯ ಕಾಯಿಲೆಯಲ್ಲಿ ಮಾವ್ಶಿ ತೀರಿಕೊಂಡಾಗ ಸುಲಿಯುವವರಲ್ಲಿ ಒಬ್ಬರೂ ಬರಲಿಲ್ಲ. ಅರ್ಧ ದಿನದ ಕೆಲಸ ಹೋಗುತ್ತದಂತೆ. ಮನೆಯವರು ಯಾರೆಂದು ಪಾದ್ರಿಗಳು ಕೇಳಿದರು. ಮಗಳು ಎಂದೆ.

ದೊಡ್ಡಮ್ಮನನ್ನು ಕ್ಷಮಿಸಬೇಕೆಂದು ಅದೇ ಪಾದ್ರಿಗಳು ಹೇಳಿದ್ದಾರೆ. ಸಂಜೆಯ ಪ್ರಾರ್ಥನೆಯಲ್ಲಿ ದೊಡ್ಡಮ್ಮನ ಹೆಸರನ್ನೂ ಹೇಳುತ್ತೇನೆ. ಮನಸ್ಸು ಮಾತ್ರ ಜೊತೆಗೆ ಬರುವುದಿಲ್ಲ. ದೇವರು ಸದ್ಯಕ್ಕೆ ಬಾಯಿಮಾತಿಗೇ ಒಪ್ಪಿಕೊಂಡಿದ್ದಾನೆ. ಅದು ಅವನ ದೊಡ್ಡ ಗುಣ.