ಬಸವರಾಜ ಕನ್ನಡ ಬಿಟ್ಟ ಮೂರು ವಾರ

ಬಸವರಾಜ ನನ್ನ ಜೊತೆ ಮೊದಲ ಸಲ ಇಂಗ್ಲಿಷಿನಲ್ಲಿ ಮಾತಾಡಿದ ದಿನ, ನಾನು ನಿಜವಾಗಿಯೂ ಪರದೇಶಿಯಾದೆ.

ಗ್ರೀನ್ ಕಾರ್ಡ್ ವರ್ಷಗಳ ಮಾತು. ಜರ್ಮನಿಯವರು ಕಂಪ್ಯೂಟರ್ ಬಲ್ಲವರನ್ನು ಐದು ವರ್ಷದ ಮಟ್ಟಿಗೆ ಕರೆಸಿಕೊಳ್ಳುತ್ತಿದ್ದ ಕಾಲ. ಕಾರ್ಡು ಹಸಿರು, ನಾವು ಇನ್ನೂ ಹಸಿ.

ಸ್ಟುಟ್‌ಗಾರ್ಟ್ ಪಕ್ಕದ ರೆನ್ನಿಂಗೆನ್‌ನಲ್ಲಿ ಒಂದು ಕಟ್ಟಡ. ಮೂರನೇ ಮಹಡಿಯಲ್ಲಿ ಅಕ್ಕಪಕ್ಕ ಎರಡು ಬಾಗಿಲು. ಒಂದು ನನ್ನದು, ಇನ್ನೊಂದು ಇಳಕಲ್ಲಿನ ಬಸವರಾಜನದು. ನನಗೆ ಗೊತ್ತಿದ್ದ ಮಟ್ಟಿಗೆ ಇಡೀ ಊರಿನಲ್ಲಿ ಕನ್ನಡಿಗರು ನಾವಿಬ್ಬರೇ.

ನನ್ನೂರು ರಾಮನಗರ. ಅಪ್ಪ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರ್. ಅಪ್ಪ ಸುತ್ತಿದ್ದು ರೇಷ್ಮೆಯ ರೀಲು, ಮಗ ಸುತ್ತುವುದು ಬರೀ ರೀಲು.

ಬಸವರಾಜನ ಮನೆಯವರು ಸೀರೆ ನೇಯುವವರು. ಮಗ್ಗದವನೇ ನನ್ನ ಮಗ್ಗುಲಿಗೆ ಬಂದನಲ್ಲ ಎಂದು ಖುಷಿಪಟ್ಟಿದ್ದೆ.

ಆ ಶನಿವಾರ ಅವನ ಅಡುಗೆಮನೆಯಲ್ಲಿ ಉಪ್ಪಿಟ್ಟು. ನನ್ನ ಕೈಯಲ್ಲಿ ಆಫೀಸಿನಿಂದ ಪ್ರಿಂಟ್ ತೆಗೆದು ತಂದ ಕನ್ನಡ ಪತ್ರಿಕೆಯ ಒಂದು ಪುಟ. ಫಾಂಟ್ ಕೈಕೊಟ್ಟು ಅರ್ಧ ಅಕ್ಷರಗಳು ಬರೀ ಚೌಕ ಚೌಕ…

ಉಳಿದರ್ಧದಲ್ಲಿ ಸುದ್ದಿ ಇತ್ತು. ಚೀನಾದ ಅಗ್ಗದ ನೂಲು ಬಂದು ರೀಲರ್‌ಗಳು ಕಂಗಾಲಾಗಿದ್ದಾರೆ, ಭಾರತ ವಿಶ್ವ ವ್ಯಾಪಾರ ಸಂಸ್ಥೆಯಿಂದ ಹೊರಬರಲಿ ಎಂದು ಮೆರವಣಿಗೆ ನಡೆದಿದೆ.

"ಬರ್ಲೇಬೇಕು ಗುರು. ಒಂದೇ ಏಟಿಗೆ ಆಚೆ ಬರ್ಬೇಕು," ಅಂದೆ.

"ಹೊರಗ ಬಂದು ಎಲ್ಲಿಗೆ ಹೋಗ್ತೀಪಾ? ಚೀನಾ ನೂಲು ಬಂದಮ್ಯಾಲೇ ನಮ್ಮನಿ ಮಗ್ಗ ಮತ್ತ ಸಪ್ಪಳ ಮಾಡಾಕತ್ತಾವು. ನಿಮ್ಮ ನೂಲಿನ ರೇಟಿಗೆ ನಮ್ಮಪ್ಪ ಕೈಕಟ್ಟಿ ಕುಂತಿದ್ದ."

ಒಂದೇ ನೂಲು. ಅದರ ಆ ತುದಿಯಲ್ಲಿ ಅವನ ಅಪ್ಪ, ಈ ತುದಿಯಲ್ಲಿ ನನ್ನ ಅಪ್ಪ. ಅಲ್ಲಿಗೆ ನಿಲ್ಲಿಸಬೇಕಿತ್ತು. ನನ್ನ ಬಾಯಿಗೆ ನಿಲ್ದಾಣ ಇಲ್ಲ.

"ನಿಮ್ಗೇನು ಬಿಡಪ್ಪ, ದೇಶ ಹಾಳಾದ್ರೂ ಸೀರೆ ಅಂಚು ನೆಟ್ಟಗಿದ್ರೆ ಸಾಕು."

ಬಸವರಾಜ ತಟ್ಟೆ ಕೆಳಗಿಟ್ಟ. "ಯು ಆರ್ ಎಂಟೈಟಲ್ಡ್ ಟು ಯುವರ್ ಒಪೀನಿಯನ್," ಅಂದ.

ಬೈದಿದ್ದರೆ ಉಪ್ಪಿಟ್ಟು ಮುಗಿಸಿಯೇ ಬರುತ್ತಿದ್ದೆ. ಇದಕ್ಕೆ ಎದ್ದು ಬರಲೇಬೇಕಾಯಿತು.

ಆಮೇಲೆ ಮೂರು ವಾರ. ಸ್ಟೇಷನ್ನಿನಲ್ಲಿ ಗುಡ್ ಮಾರ್ನಿಂಗ್, ಆಫೀಸಿನ ಲಿಫ್ಟಿನಲ್ಲಿ ಆಫ್ಟರ್ ಯೂ. ನನ್ನ ಬಾಯೊಳಗೆ ಕನ್ನಡ ದೋಸೆಹಿಟ್ಟಿನ ಹಾಗೆ ಹುಳಿಬರತೊಡಗಿತು. ಒಂದು ದಿನ ಅನ್ನಕ್ಕಿಡುವಾಗ ಅಕ್ಕಿಯನ್ನೇ "ಎಷ್ಟು ನೀರು ಬೇಕಮ್ಮಾ?" ಎಂದು ಕೇಳಿದ್ದೆ.

ಈ ಕಡೆಯ ಕಟ್ಟಡಗಳಲ್ಲಿ ಮೆಟ್ಟಿಲು ಗುಡಿಸುವ ಸರದಿ ಇದೆ, ಕೇರ್‌ವೋಖೆ ಅಂತ. ಯಾರ ವಾರವೋ ಅವರ ಬಾಗಿಲಿಗೆ ಒಂದು ಮರದ ಹಲಗೆ. ಗುಡಿಸಿ ಒರೆಸಿ ಅದನ್ನು ಪಕ್ಕದ ಬಾಗಿಲಿಗೆ ದಾಟಿಸಬೇಕು.

ಮೊದಲೆಲ್ಲ ಬಸವರಾಜ ಬೆಲ್ ಮಾಡಿ, "ತಗೋರಿ ಸಾಹೇಬ್ರ, ನಿಮ್ಮ ಪಟ್ಟಾಭಿಷೇಕ" ಎಂದು ಕೈಗೇ ಕೊಡುತ್ತಿದ್ದ. ಈಗ ಹಲಗೆ ಸದ್ದಿಲ್ಲದೆ ಬಂದು ನೇತಾಡುತ್ತಿತ್ತು.

ಮೂರನೇ ಭಾನುವಾರ ಮಧ್ಯಾಹ್ನ, ಹಲಗೆ ನನ್ನ ಬಾಗಿಲಲ್ಲಿದೆ. ಹೊರಗೆ ಕಾಲಿಟ್ಟರೆ ಪಕ್ಕದ ಬಾಗಿಲಿನೊಳಗಿಂದ ಕನ್ನಡ ಕೇಳಿಸುತ್ತಿದೆ! ಕಾಲಿಂಗ್ ಕಾರ್ಡ್ ಹಾಕಿ ಅವ್ವನಿಗೆ ಫೋನು ಮಾಡಿದ್ದಾನೆ.

"ರೊಟ್ಟಿ ಬಡಿಯಾಕ ಬರಂಗಿಲ್ಲಬೇ, ಇಲ್ಲಿ ಹಿಟ್ಟು ಹರದ ಹೋಗ್ತೈತಿ…"

ಒಳಗೆ ಓಡಿ ಪೊರಕೆ ತಂದೆ. ಗುಡಿಸಿದ್ದನ್ನೇ ಗುಡಿಸುತ್ತ ಅವನ ಬಾಗಿಲ ಮುಂದೆಯೇ ನಿಂತೆ. ಕದ್ದು ಕೇಳುವುದು ತಪ್ಪು, ಗೊತ್ತು. ಆದರೆ ಹಸಿದವನು ಪಕ್ಕದ ಮನೆಯ ಒಗ್ಗರಣೆಗೆ ಮೂಗರಳಿಸಿದರೆ ಅದು ಕಳ್ಳತನವೇ?

ಆ ಆಸೆಯಲ್ಲಿ ಮರೆತೇ ಹೋಗಿತ್ತು. ನಮ್ಮಲ್ಲಿ ದಿನಾ ಬಾಗಿಲು ಗುಡಿಸದಿದ್ದರೆ ತಪ್ಪು, ಇಲ್ಲಿ ಭಾನುವಾರ ಕಡ್ಡಾಯ ವಿಶ್ರಾಂತಿ, ಗುಡಿಸಿದರೆ ಮಹಾಪರಾಧ.

ಕೆಳಮನೆಯ ಅಜ್ಜಿ ದಡದಡ ಮೆಟ್ಟಿಲೇರಿ ಬಂದರು. ಇವತ್ತು ಭಾನುವಾರ, ಭಾನುವಾರ, ಭಾನುವಾರ ಎಂದು ಜರ್ಮನ್ನಿನಲ್ಲಿ ಮೂರು ಸಲ ಗುಡುಗಿದರು. ನನ್ನ ಜರ್ಮನ್ ಆಗ ಬೇಕರಿ ದಾಟಿರಲಿಲ್ಲ. ಪೊರಕೆ ಹಿಡಿದು ತಲೆತಗ್ಗಿಸಿ ನಿಂತೆ.

ಪಕ್ಕದ ಬಾಗಿಲು ತೆರೆಯಿತು. ಬಸವರಾಜ ಫೋನು ಕೈಯಲ್ಲಿ ಹಿಡಿದೇ ತನ್ನ ಹರಕು ಜರ್ಮನ್ನಿನಲ್ಲಿ ಕ್ಷಮೆ ಕೇಳಿ ಅಜ್ಜಿಯನ್ನು ಕೆಳಗೆ ಕಳಿಸಿದ.

ಆಮೇಲೆ ನನ್ನ ಪೊರಕೆ ನೋಡಿದ. ಒಂದು ಕಡ್ಡಿ ಕಸವೂ ಇಲ್ಲದ ನೆಲ ನೋಡಿದ. ಅರ್ಥವಾಯಿತು ಅಂತ ಕಾಣುತ್ತದೆ… ಫೋನನ್ನು ನನ್ನ ಕಡೆ ಚಾಚಿದ.

"ತಮ್ಮಾ, ಆರಾಮ ಅದೀಯೇನ?" ಅವನ ಅವ್ವ. "ನಿಮ್ಮಪ್ಪಾರ ಕೆಲಸ ನಿಂತೈತಂತಲ್ಲೋ. ಬಸ್ಯಾ ವಾರಾ ವಾರಾ ಅದನ್ನ ಹೇಳ್ತಾನ. ಪಾಪ, ಆ ಹಿರ್ಯಾರು ಏನ್ ಮಾಡಬೇಕಬೇ ಅಂತ ನನ್ನ ಕೇಳ್ತಾನ."

ಅಪ್ಪನ ಕೆಲಸ ನಿಂತದ್ದನ್ನು ಅವನಿಗೆ ಹೇಳಿದ್ದು ಒಂದೇ ಸಲ, ಅದೂ ಜಗಳಕ್ಕೆ ಮುಂಚೆ, ಯಾವುದೋ ಜೋಕಿನ ನಡುವೆ. ಅವನು ಇಂಗ್ಲಿಷಿನಲ್ಲಿ ಸಿಟ್ಟಾಗಿದ್ದುಕೊಂಡೇ ಕನ್ನಡದಲ್ಲಿ ನನ್ನಪ್ಪನ ಚಿಂತೆ ಮಾಡಿದ್ದ.

ಅವರ ಮನೆಯಲ್ಲಿ ಎಷ್ಟು ಮಗ್ಗವಿದೆ ಎಂದು ನಾನು ಒಂದು ದಿನವೂ ಕೇಳಿದವನಲ್ಲ.

"ಮಗ್ಗ ನಡೀತಿದ್ಯಾ ಅಮ್ಮಾ?"

"ನಡದಾವ ತಮ್ಮಾ. ಮೂರೂ ನಡದಾವ."

"ಒಳ್ಳೇದಾಯ್ತು," ಅಂದೆ. ಯಾವ ನೂಲಿನಿಂದ ನಡೆಯುತ್ತಿವೆ ಎಂದು ಗೊತ್ತಿದ್ದೂ, ಮನಸ್ಸಿನಿಂದಲೇ ಅಂದೆ.

ಫೋನಿಟ್ಟ ಮೇಲೆ ಬಸವರಾಜ ಕೇಳಿದ: "ಇನ್ನೂ ಹೊರಗ ಬರಬೇಕಂತೀಯೇನಲೇ?"

"ಹೂಂ."

"ತಪ್ಪಲೇ ಅದು. ಒಳಗ ಬಾ, ಹೇಳ್ತೀನಿ."

ಎರಡು ತಾಸು ಕಿತ್ತಾಡಿದೆವು. ಯಾರೂ ಒಂದಿಂಚು ಜಗ್ಗಲಿಲ್ಲ.

ಮುಂದಿನ ವರ್ಷ ಅವನ ಕೆಲಸ ಹ್ಯಾಂಬರ್ಗ್‌ಗೆ ಹೋಯಿತು, ಆಮೇಲೆ ಇನ್ಯಾವುದೋ ದೇಶಕ್ಕೆ. ನಂಬರುಗಳು ಬದಲಾದವು. ಕಳೆದುಕೊಂಡದ್ದು ಜಗಳದಿಂದಲ್ಲ, ಬರೀ ಸೋಮಾರಿತನದಿಂದ.

ಬ್ರಿಟನ್ ಯೂರೋಪಿನ ಒಕ್ಕೂಟ ಬಿಟ್ಟ ಬಗ್ಗೆ ಇಲ್ಲಿನ ನಮ್ಮ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ಉದ್ದಕ್ಕೆ ಬರೆದೆ. ಸಾಲುಸಾಲು ಹೆಬ್ಬೆರಳು ಬಂದವು. ಎಲ್ಲರೂ ಒಪ್ಪಿದರು. ಇಷ್ಟೊಂದು ಕನ್ನಡಿಗರ ನಡುವೆ ಅಷ್ಟು ಒಂಟಿ ಅನಿಸಿದ್ದು ಅದೇ ಮೊದಲು…

ನಿಮ್ಮ ಮಾತನ್ನು ಒಂದಿಷ್ಟೂ ಒಪ್ಪದೆ, ನಿಮ್ಮಪ್ಪನ ಚಿಂತೆಯನ್ನು ಮಾತ್ರ ತನ್ನದು ಮಾಡಿಕೊಳ್ಳುವವರು ನಿಮಗೆ ಯಾರಾದರೂ ಇದ್ದಾರಾ?