ಅರವತ್ತು ಮಂದಿಯ ರೊಟ್ಟಿ ಪರೀಕ್ಷೆ

ಜೋಳದ ಮೂರು ತಳಿಗಳಲ್ಲಿ ಯಾವುದರ ರೊಟ್ಟಿ ಒಳ್ಳೆಯದು? ರುಚಿ, ಮೆದುತನ, ಬಣ್ಣ ಮೂರನ್ನೂ ಒಟ್ಟಿಗೆ ತೂಗಿ ನಿಜವಾದ ವ್ಯತ್ಯಾಸ ಹಿಡಿಯಬೇಕಾದರೆ ಎಷ್ಟು ಮಂದಿ ತಿನ್ನಬೇಕೆಂದು ನಮ್ಮ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮೊದಲೇ ಲೆಕ್ಕ ಹಾಕಿದ್ದೆ. ಅರವತ್ತು ಬಂದಿತ್ತು. ರಾಮದುರ್ಗದ ಕಡೆಯ ಒಂದು ಹಳ್ಳಿಯ ಗೌಡರು ಅಷ್ಟೂ ಮಂದಿಯನ್ನು ಕಟ್ಟೆಗೆ ಕರೆಸಿಯೇಬಿಟ್ಟರು.

ಮೊದಲ ತುತ್ತು ಗೌಡರದೇ. ಮೂರನ್ನೂ ತಿಂದು, “ಎರಡನೇದು ಚಲೋ ಐತಿ” ಅಂದರು. ಆಮೇಲೆ ತಿಂದವರೆಲ್ಲ ಎರಡನೆಯದನ್ನೇ ಹೊಗಳಿದರು. ಒಬ್ಬರಂತೂ ಮೂರನೆಯದನ್ನು ಮುಟ್ಟಲೂ ಇಲ್ಲ.

“ಗೌಡ್ರ, ಎಲ್ಲಾರೂ ನಿಮ್ಮ ಮಾತ ಹೇಳಿದ್ರ ಅರವತ್ತು ಮಂದಿ ಕೂಡಿ ಒಬ್ಬರ ಲೆಕ್ಕ ಆಗ್ತಾರ್ರಿ. ನನಗ ಬ್ಯಾರೆ ಬ್ಯಾರೆ ಅಭಿಪ್ರಾಯ ಬೇಕ್ರಿ,” ಎಂದು ಗೋಗರೆದೆ.

“ಅಷ್ಟ ಹೌದಲ್ರಿ?” ಗೌಡರು ಎದ್ದು ನಿಂತರು. “ಏ, ಸಾಹೇಬ್ರಿಗೆ ಬ್ಯಾರೆ ಬ್ಯಾರೆ ಬೇಕಂತ. ಈ ಸಾಲಿನವ್ರು ಒಂದನೇದು ಚಲೋ ಅನ್ರಿ, ಆ ಸಾಲಿನವ್ರು ಮೂರನೇದು!”

ಊರಿಗೊಂದೇ ಅಭಿಪ್ರಾಯವಾದರೆ ಅರವತ್ತು ಊರು ಸುತ್ತಿದರಾಯಿತು ಎಂದುಕೊಂಡು ಮರುದಿನ ಪಕ್ಕದ ಹಳ್ಳಿಗೆ ಹೋದೆ. ಅಲ್ಲಿಯ ಗೌಡರು ಮೂರನ್ನೂ ತಿಂದು, ಯೋಚಿಸಿ, ಫೋನ್ ಹಚ್ಚಿದರು.

“ಮಾವಾರ, ರೊಟ್ಟಿ ತಿನ್ನಾಕ ಹತ್ತೇನಿ. ನಿನ್ನಿ ನಿಮ್ಮೂರಾಗ ನೀವ್ ಯಾವುದು ಚಲೋ ಅಂದಿದ್ರಿ?”

ಎರಡು ಊರು ತಿರುಗಿದ ಮೇಲೂ ನನ್ನ ಲೆಕ್ಕದಲ್ಲಿರುವುದು ಒಬ್ಬರೇ.